ವಿಜೇ ಲ ಬ್ರಂ, ಎಲಿಜಬೆತ್ (1755–1842)

ಫ್ರಾನ್ಸಿನ ಭಾವಚಿತ್ರಗಾರ್ತಿ. ಹದಿನಾರನೆಯ ಲೂಯಿಯ ಪಟ್ಟದರಾಣಿ ಮಾರಿ ಆಂತ್ವಾನೆತ್‌ಳ ಮೆಚ್ಚಿನ ಕಲಾವಿದೆ. 1788ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ಪ್ಯಾರಿಸ್ಸಿಗೆ ಹೋದಾಗ ಅವರಲ್ಲಿ ಇಬ್ಬರ ಚಿತ್ರ ಬರೆದವಳು. ಐರೋಪ್ಯ ಕಲಾ ಇತಿಹಾಸಗಳು ಈ ಕೊನೆಯ ಸಂಗತಿಯನ್ನು ಒಂದೆರಡು ಸಾಲುಗಳಲ್ಲಿ ಮುಗಿಸಿದರೆ, ಮೈಸೂರು ಚರಿತ್ರೆಯ ಪುಸ್ತಕಗಳು ರಾಯಭಾರವನ್ನು ವಿವರಿಸಿ ಚಿತ್ರವನ್ನು ಬಿಟ್ಟುಬಿಡುತ್ತವೆ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಆಕೆಯ ವೃತ್ತಿಜೀವನದ ತುತ್ತತುದಿಯ ಕೆಲಸಗಳಲ್ಲಿ ಮೈಸೂರಿನ ಚಿತ್ರವೂ ಒಂದು ಎಂಬುದು ಸ್ಪಷ್ಟವಾಗುತ್ತದೆ. ಹಾಗಾಗಿ ಇಲ್ಲಿ ಅದಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಮೊದಲು ಎರಡು ಗೊಂದಲಗಳನ್ನು ಬಿಡಿಸಬೇಕು. ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ ವರ್ಸಾಯ್ ಅರಮನೆಯನ್ನು ಚಿತ್ರಗಳಿಂದ ತುಂಬಿದ ಶಾರ್ಲ್ ಲ ಬ್ರಂ ಬೇರೆ. ಆತ ತೀರಿಕೊಂಡದ್ದು 1690ರಲ್ಲಿ. ಎಲಿಜಬೆತ್‌ಳ ಗಂಡ ಅವನ ವಂಶದ ಕವಲಿನವನಾದ್ದರಿಂದ ಆ ಮನೆತನದ ಹೆಸರು ಈಕೆಗೂ ಬಂತು. ಎರಡನೆಯದಾಗಿ, ಈಕೆ ಭಾರತಕ್ಕೆ ಬಂದವಳಲ್ಲ, ಟಿಪ್ಪುವನ್ನು ಕಂಡವಳೂ ಅಲ್ಲ. ಆಕೆ ಬರೆದದ್ದು ಟಿಪ್ಪುವಿನ ಪ್ರತಿನಿಧಿಗಳನ್ನು, ಅದೂ ಪ್ಯಾರಿಸ್ಸಿನಲ್ಲಿ.

ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1755ರ ಏಪ್ರಿಲ್ 16ರಂದು. ತಂದೆ ಲೂಯಿ ವಿಜೇ ಪೇಸ್ಟಲ್ ಬಣ್ಣಗಳಲ್ಲಿ ಭಾವಚಿತ್ರ ಬರೆಯುತ್ತಿದ್ದ; ಮಗಳ ಮೊದಲ ಗುರುವೂ ಅವನೇ. ಆಕೆಗೆ ಹನ್ನೆರಡು ತುಂಬಿದ್ದಾಗ ಅವನು ತೀರಿಕೊಂಡ. ತಾಯಿ ಆಭರಣದ ವ್ಯಾಪಾರಿಯೊಬ್ಬನನ್ನು ಮರುಮದುವೆಯಾದಳು. ಹದಿಹರೆಯದಲ್ಲೇ ಎಲಿಜಬೆತ್ ಚಿತ್ರ ಬರೆದು ಮನೆ ನಡೆಸುವಷ್ಟು ಗಳಿಸತೊಡಗಿದಳು. ಕಸುಬಿನ ಸಂಘದ ಪರವಾನಗಿ ಇಲ್ಲವೆಂದು ಅಧಿಕಾರಿಗಳು ಆಕೆಯ ಚಿತ್ರಶಾಲೆಯ ಸಾಮಾನುಗಳನ್ನು ಜಪ್ತಿ ಮಾಡಿದ ಮೇಲೆ, 1774ರಲ್ಲಿ ಸೇಂಟ್ ಲೂಕ್ ಅಕಾಡೆಮಿಯ ಸದಸ್ಯತ್ವ ಪಡೆದಳು. 1776ರಲ್ಲಿ ಚಿತ್ರವ್ಯಾಪಾರಿ ಜಾನ್ ಬಾಪ್ತಿಸ್ತ್ ಪಿಯೇರ್ ಲ ಬ್ರಂನೊಂದಿಗೆ ಮದುವೆಯಾಯಿತು. ಆತ ಹೆಂಡತಿಯ ಸಂಪಾದನೆಯನ್ನೆಲ್ಲ ಕರಗಿಸಿದನೆಂದು ಆಕೆ ಮುಂದೆ ಬರೆದಿದ್ದಾಳೆ; ಆದರೆ ಹಳೆಯ ಮಹಾಚಿತ್ರಕಾರರ ಕೃತಿಗಳನ್ನು ಕಣ್ಣೆದುರೇ ಇಟ್ಟುಕೊಂಡು ಕಲಿಯುವ ಅವಕಾಶ ಅವನ ಅಂಗಡಿಯಿಂದಲೇ ದೊರೆತದ್ದು. 1780ರಲ್ಲಿ ಮಗಳು ಜೂಲಿ ಹುಟ್ಟಿದಳು.

ಅರಮನೆಯ ಬಾಗಿಲು ತೆರೆದದ್ದು 1778ರಲ್ಲಿ. ಅದುವರೆಗಿನ ತನ್ನ ಚಿತ್ರಗಳು ಮಾರಿ ಆಂತ್ವಾನೆತ್‌ಳಿಗೆ ಅಷ್ಟಾಗಿ ಹಿಡಿಸಿರಲಿಲ್ಲ; ಎಲಿಜಬೆತ್ ಬರೆದದ್ದನ್ನು ಒಪ್ಪಿದಳು. ಇಬ್ಬರೂ ಒಂದೇ ವರ್ಷ ಹುಟ್ಟಿದವರು. ಮುಂದಿನ ಹತ್ತು ವರ್ಷಗಳಲ್ಲಿ ರಾಣಿಯ ಚಿತ್ರಗಳು, ಅವುಗಳ ಪ್ರತಿಗಳು ಸೇರಿ ಸುಮಾರು ಮೂವತ್ತು ಆದವು. 1783ರ ಮೇ 31ರಂದು ರಾಯಲ್ ಅಕಾಡೆಮಿ ಈಕೆಯನ್ನೂ ಇನ್ನೊಬ್ಬ ಕಲಾವಿದೆ ಆದೆಲಾಯ್ದ್ ಲಾಬಿಯ್ ಗಿಯಾರಳನ್ನೂ ಒಂದೇ ದಿನ ಸೇರಿಸಿಕೊಂಡಿತು. ಎಲಿಜಬೆತ್‌ಳ ಗಂಡ ಚಿತ್ರವ್ಯಾಪಾರಿ ಎಂಬ ಆಕ್ಷೇಪ ಎದ್ದಿತ್ತು. ರಾಜಾಜ್ಞೆಯಿಂದ ಅದು ಬಗೆಹರಿಯಿತು. ಅದೇ ವರ್ಷದ ಪ್ರದರ್ಶನದಲ್ಲಿ ರಾಣಿಯನ್ನು ಬಿಳಿ ಮಸ್ಲಿನ್ನಿನ ಸಡಿಲ ಉಡುಪಿನಲ್ಲಿ ತೋರಿಸಿದ್ದು ದೊಡ್ಡ ಗಲಾಟೆಯಾಯಿತು. ಒಳ ಉಡುಪಿನಲ್ಲಿ ರಾಣಿಯನ್ನು ತೋರಿಸಿದರೆಂದು ಜನ ಆಡಿಕೊಂಡರು. ಲಿಯೋಂ ನಗರದ ರೇಷ್ಮೆ ಬಿಟ್ಟು ಹೊರದೇಶದ ಹತ್ತಿಬಟ್ಟೆಗೆ ಮರ್ಯಾದೆ ಕೊಟ್ಟದ್ದೂ ತಪ್ಪಾಗಿ ಕಂಡಿತು. ಆ ಚಿತ್ರವನ್ನು ತೆಗೆಸಿ ರೇಷ್ಮೆ ಉಟ್ಟ ರಾಣಿಯ ಇನ್ನೊಂದನ್ನು ತೂಗುಹಾಕಿದರು. ಬೆಳಕು ಹಾಯುವ ತೆಳು ಹತ್ತಿಬಟ್ಟೆಯನ್ನು ಬರೆಯುವ ಕೈ ಆಕೆಗೆ ಆಗಲೇ ಕುದುರಿತ್ತು. ಐದು ವರ್ಷಗಳ ಮೇಲೆ ಮೈಸೂರಿನವರ ನಿಲುವಂಗಿಗಳನ್ನು ಬರೆಯುವಾಗ ಅದು ಕೆಲಸಕ್ಕೆ ಬಂತು.

1787ರಲ್ಲಿ ಬರೆದ, ರಾಣಿ ತನ್ನ ಮಕ್ಕಳೊಂದಿಗೆ ಕುಳಿತ ಚಿತ್ರ ರಾಜಮನೆತನದ ಹೆಸರನ್ನು ಮೇಲೆತ್ತಲು ಮಾಡಿಸಿದ್ದು. ಅದರಲ್ಲಿನ ಬರಿದಾದ ತೊಟ್ಟಿಲು ಆ ವರ್ಷ ತೀರಿಕೊಂಡ ಹೆಣ್ಣುಕೂಸಿನದು.

ಟಿಪ್ಪುವಿನ ರಾಯಭಾರದ ಹಿನ್ನೆಲೆ ಮಂಗಳೂರಿನ ಮುತ್ತಿಗೆಗೆ ಹೋಗುತ್ತದೆ. ಎರಡನೆಯ ಮೈಸೂರು ಯುದ್ಧದಲ್ಲಿ ಫ್ರೆಂಚರು ಮೈಸೂರಿನ ಜೊತೆಗಿದ್ದರು. ಆದರೆ 1783ರಲ್ಲಿ ಫ್ರಾನ್ಸ್ ಇಂಗ್ಲೆಂಡಿನೊಂದಿಗೆ ಸಂಧಿ ಮಾಡಿಕೊಂಡ ಸುದ್ದಿ ಬಂದ ಕೂಡಲೇ, ಮುತ್ತಿಗೆ ಇನ್ನೂ ನಡೆಯುತ್ತಿರುವಾಗಲೇ ಅವರ ಪಡೆ ಹಿಂದೆ ಸರಿಯಿತು. ಟಿಪ್ಪು ಇದನ್ನು ಮರೆಯಲಿಲ್ಲ. 1784ರ ಮಂಗಳೂರು ಒಪ್ಪಂದದ ನಂತರ ಪುದುಚೇರಿಯ ಅಧಿಕಾರಿಗಳ ಮಾತನ್ನು ನಂಬಿ ಕೂರದೆ ಫ್ರಾನ್ಸಿನ ದೊರೆಯ ಬಳಿಗೇ ಜನ ಕಳಿಸಲು ನಿಶ್ಚಯಿಸಿದ. 1786ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿಗೆ ಹೊರಟ ರಾಯಭಾರ ಬೇರೆ, ಇದು ಬೇರೆ. ಎರಡನ್ನೂ ಒಂದೆಂದು ತಿಳಿಯಬಾರದು. 1787ರಲ್ಲಿ ಪುದುಚೇರಿಯಿಂದ ಹಡಗು ಹತ್ತಿದವರಲ್ಲಿ ಮುಖ್ಯರು ಮೂವರು: ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್. 1788ರ ಜೂನ್‌ನಲ್ಲಿ ತುಲೋಂ ಬಂದರಿನಲ್ಲಿ ಇಳಿದು, ಜುಲೈನಲ್ಲಿ ಪ್ಯಾರಿಸ್ ಸೇರಿ, ಆಗಸ್ಟ್ 10ರಂದು ವರ್ಸಾಯ್‌ನಲ್ಲಿ ದೊರೆಯ ದರ್ಶನ ಪಡೆದರು.

ಈ ತಾರೀಕು ಗಮನಿಸತಕ್ಕದ್ದು. ಅದಕ್ಕೆ ಎರಡೇ ದಿನ ಮುಂಚೆ, ಆಗಸ್ಟ್ 8ರಂದು, ಬೊಕ್ಕಸ ಬರಿದಾದ ಫ್ರೆಂಚ್ ಸರ್ಕಾರ ಮರುವರ್ಷ ಮೂರು ವರ್ಗಗಳ ಮಹಾಸಭೆ ಕರೆಯುವುದಾಗಿ ಘೋಷಿಸಿತ್ತು. ಆರು ದಿನಗಳ ಮೇಲೆ, 16ರಂದು, ಸಾಲ ಕೊಟ್ಟವರಿಗೆ ಪೂರ್ತಿ ನಗದು ಕೊಡುವುದನ್ನೇ ನಿಲ್ಲಿಸಿತು. ಇಂಗ್ಲಿಷರ ವಿರುದ್ಧ ಸೈನ್ಯ ಬೇಕೆಂದು ಮೈಸೂರು ಕೇಳಿದ್ದು ಆ ವಾರದಲ್ಲಿ. ಸೈನ್ಯ ಸಿಗಲಿಲ್ಲ. ಸೇವ್ರ್ ಕಾರ್ಖಾನೆಯ ಪಿಂಗಾಣಿ ಉಡುಗೊರೆಯಾಗಿ ಸಿಕ್ಕಿತು, ಟಿಪ್ಪು ಬಯಸಿದ್ದ ಕುಶಲಕರ್ಮಿಗಳಲ್ಲಿ ಕೆಲವರು ಸಿಕ್ಕರು, ಗಿಡಬೀಜಗಳು ಸಿಕ್ಕವು. ಉಪಚಾರಕ್ಕೆ ಮಾತ್ರ ಕೊರತೆಯಾಗಲಿಲ್ಲ. ಸೇವ್ರ್‌ನ ಕಲಾವಿದ ಶಾರ್ಲ್ ಎಲ್ವಾ ಆಸ್ಲ್ಯಾಂ ಇವರು ಸೇಂಟ್ ಕ್ಲೂ ಉದ್ಯಾನದಲ್ಲಿ ಅಡ್ಡಾಡುವುದನ್ನೂ ಸುತ್ತ ಜನ ಮುತ್ತಿಕೊಂಡಿರುವುದನ್ನೂ ಬರೆದಿದ್ದಾನೆ.

ವಿಜೇ ಲ ಬ್ರಂ ಇವರನ್ನು ಮೊದಲು ಕಂಡದ್ದು ಒಪೆರಾದಲ್ಲಿ. ಮುಂದಿನ ಕಥೆಗೆ ಆಕೆಯ ಆತ್ಮಕಥನವೇ ಆಧಾರ. ಚಿತ್ರಕ್ಕೆ ಕೂರಬೇಕಾದರೆ ದೊರೆಯೇ ಕೇಳಬೇಕೆಂದು ಅವರು ಹೇಳಿಕಳಿಸಿದರಂತೆ. ಆಕೆ ಅದನ್ನೂ ಮಾಡಿಸಿದಳು. ದೊಡ್ಡ ಕ್ಯಾನ್‌ವಾಸು, ಬಣ್ಣ ಹೊರಿಸಿಕೊಂಡು ಅವರ ಬಿಡಾರಕ್ಕೆ ಹೋದಾಗ ಕೈಗೆ ಪನ್ನೀರು ಎರಚಿ ಬರಮಾಡಿಕೊಂಡರು. ಎಲ್ಲರಿಗಿಂತ ಎತ್ತರದವನಾದ ದರ್ವೇಶ್ ಖಾನ್ ಆಯುಧದ ಮೇಲೆ ಕೈಯಿಟ್ಟು ನಿಂತ. ಬಣ್ಣ ಆರಲೆಂದು ಚಿತ್ರವನ್ನು ಅಲ್ಲೇ ಬಿಟ್ಟು ಆಕೆ ಉಸ್ಮಾನ್ ಖಾನನ ಚಿತ್ರಕ್ಕೆ ತೊಡಗಿದಳು. ಅವನನ್ನು ಕುಳಿತಂತೆ, ಮಗನನ್ನು ಪಕ್ಕದಲ್ಲಿಟ್ಟು ಬರೆದಳು. ಕೊನೆಗೆ ಮೊದಲನೆಯದನ್ನು ತರಲು ಕಳಿಸಿದಾಗ ದರ್ವೇಶ್ ಖಾನ್ ಅದನ್ನು ಹಾಸಿಗೆಯ ಹಿಂದೆ ಬಚ್ಚಿಟ್ಟು, ಅದಕ್ಕಿನ್ನೂ ಜೀವ ಬರಬೇಕು ಎಂದು ಕೊಡದೆ ಹೋದ. ಅವನಿಲ್ಲದ ಹೊತ್ತಿನಲ್ಲಿ ಆಕೆ ಚಿತ್ರವನ್ನು ತರಿಸಿಕೊಂಡಳು. ಇದಕ್ಕಾಗಿ ಅವನು ತನ್ನ ಸೇವಕನನ್ನು ಕೊಲ್ಲಲು ಹೊರಟನೆಂದೂ, ಪ್ಯಾರಿಸ್ಸಿನಲ್ಲಿ ಹಾಗೆಲ್ಲ ಮಾಡುವಂತಿಲ್ಲವೆಂದು ದುಭಾಷಿ ತಡೆದನೆಂದೂ ಆಕೆ ಬರೆಯುತ್ತಾಳೆ. ಅವರ ಬಿಡಾರದಲ್ಲಿ ನೆಲದ ಮೇಲೆ ಕುಳಿತು ಉಂಡದ್ದು, ಅವರು ಕೈಯಿಂದಲೇ ಬಡಿಸಿದ್ದು, ಇವೂ ಅಲ್ಲಿ ಬರುತ್ತವೆ.

ಈ ಕಥನವನ್ನು ಇದ್ದಂತೆಯೇ ಚರಿತ್ರೆಯಾಗಿ ಎತ್ತಿಕೊಳ್ಳುವುದು ಸರಿಯಲ್ಲ. ಘಟನೆ ನಡೆದಾಗ ಆಕೆಗೆ ಮೂವತ್ತಮೂರು. ಆತ್ಮಕಥನ ಅಚ್ಚಾದದ್ದು 1835–37ರಲ್ಲಿ, ಎಂಬತ್ತು ದಾಟುವ ಹೊತ್ತಿಗೆ. ನಡುವೆ ಕ್ರಾಂತಿ ಆಗಿಹೋಗಿತ್ತು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತ್ತು, ಟಿಪ್ಪುವನ್ನು ಕ್ರೂರಿಯೆಂದು ಚಿತ್ರಿಸುವ ಪುಸ್ತಕಗಳು ಯುರೋಪಿನಲ್ಲೆಲ್ಲ ಓಡಾಡಿದ್ದವು. ಅಂಥ ವಾತಾವರಣದಲ್ಲಿ ನೆನಪಾದ ದರ್ವೇಶ್ ಖಾನ್ ಓದುಗರನ್ನು ನಗಿಸುವ ವಿಚಿತ್ರ ಮನುಷ್ಯನಾಗಿ ಬಂದಿದ್ದಾನೆ. ಚಿತ್ರದಲ್ಲಿರುವವನು ಹಾಗಿಲ್ಲ. ಎರಡು ಮೀಟರಿಗೂ ಎತ್ತರದ ಕ್ಯಾನ್‌ವಾಸಿನಲ್ಲಿ ಅವನು ನೋಡುವವರ ಕಣ್ಣಿಗಿಂತ ಮೇಲೆ ನಿಂತಿದ್ದಾನೆ. ಹೂಬುಟ್ಟಗಳ ಬಿಳಿ ಮಸ್ಲಿನ್ ನಿಲುವಂಗಿ, ಕಸೂತಿಯ ನಡುಕಟ್ಟು, ಬಾಗಿದ ಕತ್ತಿ, ಯಾರ ಮೆಚ್ಚುಗೆಯನ್ನೂ ಕಾಯದ ಮುಖ. ಫ್ರಾನ್ಸಿನ ದೊರೆಗಳನ್ನೂ ಸೇನಾಪತಿಗಳನ್ನೂ ಬರೆಯಲು ಬಳಸುತ್ತಿದ್ದ ಆಳೆತ್ತರದ ರೀತಿಯನ್ನೇ ಆಕೆ ಇಲ್ಲಿ ಬಳಸಿದ್ದಾಳೆ. ಲೇಖನಿಗೆ 47 ವರ್ಷಗಳ ದೂರವಿತ್ತು. ಕುಂಚ ಎದುರಿಗೇ ಇತ್ತು. ಇವೆರಡರಲ್ಲಿ ಒಂದನ್ನು ನಂಬಬೇಕಾದರೆ ಚಿತ್ರವನ್ನೇ ನಂಬಬೇಕು. ಅದನ್ನು ಬಿಟ್ಟುಕೊಡಲು ಅವನು ಒಪ್ಪದ್ದಕ್ಕೂ ಬೇರೆ ಅರ್ಥ ಸಾಧ್ಯ: ತನ್ನ ದೊರೆಯ ಘನತೆಯನ್ನು ಹೊತ್ತು ಬಂದವನು ತನ್ನ ಪ್ರತಿರೂಪ ಪರರ ಕೈಯಲ್ಲಿ ಉಳಿಯುವುದನ್ನು ಸಹಿಸದಿರುವುದು ಸಹಜ.

ರಾಯಭಾರಿಗಳ ಕೊನೆಯ ವಿಷಯದಲ್ಲೂ ದಾಖಲೆಗಳು ಒಂದಾಗುವುದಿಲ್ಲ. 1788ರ ಕೊನೆಗೆ ಬ್ರೆಸ್ಟ್ ಬಂದರಿನಿಂದ ಹೊರಟ ಅವರು ಮರುವರ್ಷ ಬೇಸಿಗೆಯ ಹೊತ್ತಿಗೆ ತಿರುಗಿ ಬಂದರು. ಕೆಲಸ ಕೆಡಿಸಿಕೊಂಡು ಬಂದರೆಂದು, ಫ್ರಾನ್ಸಿನ ವೈಭವವನ್ನು ಹಾಡಿಹೊಗಳಿದರೆಂದು ಟಿಪ್ಪು ಅವರ ತಲೆ ತೆಗೆಸಿದನೆಂಬ ಮಾತು ಫ್ರೆಂಚ್ ಬರಹಗಳಿಂದ ಹಬ್ಬಿತು. ಸತ್ತವರು ಅಕ್ಬರ್ ಅಲಿ ಖಾನ್ ಮತ್ತು ಉಸ್ಮಾನ್ ಖಾನ್ ಎಂದು ಕೆಲವು ಕಡೆ, ದರ್ವೇಶ್ ಖಾನನೂ ಸೇರಿದ್ದನೆಂದು ಇನ್ನು ಕೆಲವು ಕಡೆ ಇದೆ. ಹೆಸರುಗಳೇ ಹೀಗೆ ಅದಲು ಬದಲಾಗುವ ಹೇಳಿಕೆಯನ್ನು ಹೇಳಿಕೆಯಾಗಿಯೇ ಇಡಬೇಕಲ್ಲದೆ ಘಟನೆಯಾಗಿ ಅಲ್ಲ.

ಇದೇ ದಶಕದಲ್ಲಿ ಶ್ರೀರಂಗಪಟ್ಟಣದಲ್ಲೂ ಫ್ರೆಂಚರ ಚಿತ್ರ ಬರೆಯಲಾಗಿತ್ತು. 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಕದನವಿದೆ. ಅದರಲ್ಲಿ ಮೈಸೂರಿನ ಪರ ಕಾದಿದ ಫ್ರೆಂಚ್ ತುಕಡಿಯೂ ಇದೆ. ಆ ಗೋಡೆಗೆ 1799ರ ನಂತರ ಒಮ್ಮೆ, 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೊಮ್ಮೆ ಬಣ್ಣ ಹಚ್ಚಿದ್ದರಿಂದ ಈಗ ಕಾಣುವ ಪ್ರತಿ ಗೆರೆಯೂ ಟಿಪ್ಪುವಿನ ಕಾಲದ್ದೆನ್ನಲಾಗದು. ಮೈಸೂರಿನ ಚಿತ್ರಗಾರರು ತಮ್ಮ ಹೆಸರನ್ನು ಅಲ್ಲಿ ಬರೆದಿಲ್ಲ. ವಿಜೇ ಲ ಬ್ರಂ ತನ್ನ ಹೆಸರು ಬರೆದಳು, ಯಾರನ್ನು, ಯಾವಾಗ ಬರೆದಳೆಂಬುದನ್ನೂ ಉಳಿಸಿದಳು. ಟಿಪ್ಪುವಿನ ಆಡಳಿತದ ಒಬ್ಬ ಅಧಿಕಾರಿ ಹೇಗೆ ಕಾಣುತ್ತಿದ್ದ, ಏನು ಉಡುತ್ತಿದ್ದ ಎಂಬುದಕ್ಕೆ ಇಷ್ಟು ನಿಖರವಾದ ಸಮಕಾಲೀನ ಸಾಕ್ಷ್ಯಗಳು ಅಪರೂಪ. ಇದರ ಬೆಲೆ ಕಲೆಯ ಇತಿಹಾಸಕ್ಕಿಂತ ಮೈಸೂರಿನ ಇತಿಹಾಸಕ್ಕೇ ಹೆಚ್ಚು.

ದರ್ವೇಶ್ ಖಾನನ ಚಿತ್ರ 1789ರ ಪ್ರದರ್ಶನದಲ್ಲಿ ಜನರ ಮುಂದೆ ಬರುವಾಗ ಬಾಸ್ತೀಯ್ ಕೋಟೆ ಬಿದ್ದು ವಾರಗಳಾಗಿದ್ದವು. ಅಕ್ಟೋಬರ್ 6ರಂದು ಗುಂಪು ರಾಜ ರಾಣಿಯರನ್ನು ವರ್ಸಾಯ್‌ನಿಂದ ಪ್ಯಾರಿಸ್ಸಿಗೆ ಕರೆತಂದ ಆ ರಾತ್ರಿಯೇ ವಿಜೇ ಲ ಬ್ರಂ ಮಗಳೊಂದಿಗೆ ಊರು ಬಿಟ್ಟಳು. ರೋಮ್, ನೇಪಲ್ಸ್, ವಿಯೆನ್ನಾಗಳಲ್ಲಿ ಬೇಡಿಕೆಗೆ ಕೊರತೆಯಿರಲಿಲ್ಲ; 1795ರಿಂದ 1801ರವರೆಗೆ ರಷ್ಯಾದಲ್ಲಿದ್ದಳು. ದೇಶಬಿಟ್ಟವರ ಪಟ್ಟಿಗೆ ಸೇರಿದ್ದರಿಂದ ಪೌರತ್ವ ಹೋಯಿತು. 1794ರಲ್ಲಿ ಗಂಡ ವಿಚ್ಛೇದನ ಪಡೆದ. 255 ಮಂದಿ ಕಲಾವಿದರು, ಬರಹಗಾರರು, ವಿಜ್ಞಾನಿಗಳು ಸಹಿ ಹಾಕಿದ ಮನವಿಯಿಂದ ಹೆಸರು ಪಟ್ಟಿಯಿಂದ ತೆಗೆಯಲ್ಪಟ್ಟು 1802ರಲ್ಲಿ ಮರಳಿದಳು. ಮುಂದೆ ಲಂಡನ್ನು, ಸ್ವಿಟ್ಜರ್ಲೆಂಡುಗಳ ಪ್ರವಾಸ, 1819ರಲ್ಲಿ ಮಗಳ ಸಾವು. 1842ರ ಮಾರ್ಚ್ 30ರಂದು ಪ್ಯಾರಿಸ್ಸಿನಲ್ಲಿ ನಿಧನಳಾದಳು. ಆಕೆಯೇ ಇಟ್ಟ ಲೆಕ್ಕದಂತೆ ಬರೆದ ಭಾವಚಿತ್ರಗಳು 662.

ಸಾವಿನ ನಂತರ ಆಕೆಯನ್ನು ರಾಣಿಯ ಗೆಳತಿ, ಶ್ರೀಮಂತರನ್ನು ಚೆಂದಗಾಣಿಸಿದವಳು ಎಂದು ಬದಿಗಿಟ್ಟವರೇ ಹೆಚ್ಚು. ಲೇಖಕಿ ಸಿಮೋನ್ ದ ಬೊವಾರ್ ಕೂಡ ಆಕೆಯನ್ನು, ತನ್ನನ್ನೂ ಮಗಳನ್ನೂ ಮತ್ತೆ ಮತ್ತೆ ಬರೆದುಕೊಂಡ ಆತ್ಮಮೋಹಿಯೆಂದು ಆಕ್ಷೇಪಿಸಿದಳು. 1982ರಲ್ಲಿ ಕಲಾ ಇತಿಹಾಸಕಾರ ಜೋಸೆಫ್ ಬೈಯೋ ಅಮೆರಿಕದ ಕಿಂಬೆಲ್ ಸಂಗ್ರಹಾಲಯದಲ್ಲಿ ಏರ್ಪಡಿಸಿದ ಪ್ರದರ್ಶನದಿಂದ ಮರುಮೌಲ್ಯಮಾಪನ ಶುರುವಾಯಿತು. 2015–16ರಲ್ಲಿ ಪ್ಯಾರಿಸ್, ನ್ಯೂಯಾರ್ಕ್, ಒಟ್ಟಾವಾಗಳಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಮೈಸೂರಿನ ಚಿತ್ರ ಮತ್ತೆ ಸುದ್ದಿಗೆ ಬಂದದ್ದು 2019ರ ಜನವರಿಯಲ್ಲಿ. ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ ದರ್ವೇಶ್ ಖಾನನ ಚಿತ್ರ ಸುಮಾರು 72 ಲಕ್ಷ ಡಾಲರಿಗೆ ಹೋಯಿತು. ಆಧುನಿಕ ಯುಗಕ್ಕೂ ಹಿಂದಿನ ಮಹಿಳಾ ಕಲಾವಿದರ ಕೃತಿಗೆ ಹರಾಜಿನಲ್ಲಿ ಅಷ್ಟು ಬೆಲೆ ಅದುವರೆಗೆ ಬಂದಿರಲಿಲ್ಲ. ರಾಣಿಯ ಚಿತ್ರಗಳಿಂದ ಹೆಸರಾದ ಕಲಾವಿದೆಗೆ ಈ ದಾಖಲೆಯನ್ನು ತಂದುಕೊಟ್ಟದ್ದು ಶ್ರೀರಂಗಪಟ್ಟಣದ ಪ್ರತಿನಿಧಿಯ ಚಿತ್ರ.

ಅದರ ಜೋಡಿ ಮಾತ್ರ ಕೈಗೆ ಸಿಕ್ಕಿಲ್ಲ. ಗಂಡನ ಬಳಿ ಉಳಿದಿದ್ದ ಎರಡೂ ಚಿತ್ರಗಳು ಅವನ ಮರಣಾನಂತರ ಮಾರಾಟವಾದವೆಂದು, ಈಗ ಯಾರಲ್ಲಿವೆಯೋ ತಿಳಿಯದೆಂದು ಆತ್ಮಕಥನದಲ್ಲೇ ಇದೆ. ದರ್ವೇಶ್ ಖಾನನದು ಖಾಸಗಿ ಸಂಗ್ರಹಗಳಲ್ಲಿ ಉಳಿದು ಬೆಳಕಿಗೆ ಬಂತು. ಮಗನೊಂದಿಗೆ ಕುಳಿತ ಉಸ್ಮಾನ್ ಖಾನನ ಚಿತ್ರ ಇಂದಿಗೂ ಕಳೆದುಹೋದ ಕೃತಿಗಳ ಪಟ್ಟಿಯಲ್ಲಿದೆ.