‘ಅಷ್ಟರಲ್ಲಿ’ ಎಂಬ ಒಂದು ಪದ: ಸಂತ ಮಾರ್ಟಿನರ ಸೈನಿಕ ವರ್ಷಗಳ ಮರುಪರಿಶೀಲನೆ

ತೂರ್ ನಗರದ ಧರ್ಮಾಧ್ಯಕ್ಷ ಸಂತ ಮಾರ್ಟಿನರ ಬದುಕಿನ ಹೊರರೇಖೆಯ ಬಗ್ಗೆ ಈಗ ಹೆಚ್ಚು ತಕರಾರಿಲ್ಲ. ಪನೋನಿಯಾದ ಸಬಾರಿಯಾದಲ್ಲಿ ಹುಟ್ಟು, ರೋಮನ್ ಸೇನೆಯಲ್ಲಿ ಚಾಕರಿ, 371ರ ಸುಮಾರಿಗೆ ಧರ್ಮಾಧ್ಯಕ್ಷ ಪದವಿ, 397ರಲ್ಲಿ ಕಾಂದ್‌ನಲ್ಲಿ ಮರಣ. ಮುಖ್ಯ ಆಕರ, ಅವರು ಬದುಕಿದ್ದಾಗಲೇ ಶಿಷ್ಯ ಸುಲ್ಪಿಸಿಯಸ್ ಸೆವೆರಸ್ ಬರೆದ ಚರಿತ್ರೆ. ವಿವಾದವಿರುವುದು ಸೈನಿಕ ವರ್ಷಗಳ ಲೆಕ್ಕದಲ್ಲಿ.

ಚರಿತ್ರೆಯ ಪ್ರಕಾರ ಮಾರ್ಟಿನರನ್ನು 15ನೆಯ ವಯಸ್ಸಿಗೆ ಬಲವಂತವಾಗಿ ಸೇನೆಗೆ ಸೇರಿಸಲಾಯಿತು. ಕೆಲವು ವರ್ಷಗಳಾದ ಮೇಲೆ ದೀಕ್ಷಾಸ್ನಾನ ಪಡೆದರು; ಅದರ ಬಳಿಕ ಸುಮಾರು ಎರಡು ವರ್ಷ ಅವರು ಹೆಸರಿಗಷ್ಟೇ ಸೈನಿಕರಾಗಿದ್ದರು. ಆಮೇಲೆ ವರ್ಮ್ಸ್‌ನಲ್ಲಿ ಸೀಸರ್ ಜೂಲಿಯನ್ನನ ಎದುರು ಆಯುಧ ತ್ಯಜಿಸಿದರು. ಜೂಲಿಯನ್ ಸೀಸರ್ ಆದದ್ದು 355ರ ನವೆಂಬರಿನಲ್ಲಿ. ಹೀಗೆ ಲೆಕ್ಕ ಹಾಕಿದರೆ ಮಾರ್ಟಿನರು ಹುಟ್ಟಿದ್ದು 336ರ ಆಸುಪಾಸು. ಆದರೆ ಅದೇ ಸುಲ್ಪಿಸಿಯಸ್ ತನ್ನ ‘ಸಂವಾದಗಳು’ ಕೃತಿಯಲ್ಲಿ, ಟ್ರಿಯರ್‌ನಲ್ಲಿ ಚಕ್ರವರ್ತಿ ಮ್ಯಾಕ್ಸಿಮಸ್‌ನ ರಾಣಿ ಊಟ ಬಡಿಸಿದಾಗ ಮಾರ್ಟಿನರಿಗೆ ಎಪ್ಪತ್ತಾಗಿತ್ತು ಎನ್ನುತ್ತಾನೆ. ಮ್ಯಾಕ್ಸಿಮಸ್ ಆಳಿದ್ದು 383ರಿಂದ 388ರವರೆಗೆ. ಅಲ್ಲಿಗೆ ಹುಟ್ಟು 316ರತ್ತ ಸರಿಯುತ್ತದೆ, ಸೈನ್ಯವಾಸ 25 ವರ್ಷಗಳಾಗುತ್ತದೆ.

ವಿದ್ವಾಂಸ ಬಾಬ್ಯು 1912ರಲ್ಲಿ ಈ ವೈರುಧ್ಯವನ್ನು ಸುಲ್ಪಿಸಿಯಸ್‌ನ ಕಟ್ಟುಕತೆಯ ಫಲವೆಂದ. ದೆಲೆಹೇ 1920ರಲ್ಲಿ ಆ ಕಟುತೀರ್ಪನ್ನು ತಳ್ಳಿಹಾಕಿದ. ಮುಜುಗರದ ವರ್ಷಗಳನ್ನು ಚರಿತ್ರಕಾರ ಮೊಟಕುಗೊಳಿಸಿದ ಎಂಬುದು ಫೋಂತೇನ್‌ನ ವಾದ. ಬಾಬ್ಯುವನ್ನು ನಾನು ಒಪ್ಪಲಾರೆ. ಸುಳ್ಳು ಹೆಣೆಯುವವನು ಎಪ್ಪತ್ತರ ವಯಸ್ಸನ್ನು ತಾನೇ ಬರೆದಿಡುತ್ತಿರಲಿಲ್ಲ. ಸೈನ್ಯದಲ್ಲಿದ್ದು ಮಲಿನನಾದವನು ನೀನು ಎಂದು ಶಿಷ್ಯ ಬ್ರಿಕ್ಟಿಯಸ್ ಗುರುವನ್ನು ಹೀಯಾಳಿಸಿದ್ದನ್ನೂ ದಾಖಲಿಸುತ್ತಿರಲಿಲ್ಲ. ಆ ನಿಂದೆಗೆ ಅಂದು ಕಾನೂನಿನ ಬಲವೂ ಇತ್ತು. ದೀಕ್ಷಾಸ್ನಾನದ ಬಳಿಕ ಸೈನಿಕನಾಗಿದ್ದವನಿಗೆ ಯಾಜಕವರ್ಗದ ಬಾಗಿಲು ಮುಚ್ಚಬೇಕೆಂದು ಪೋಪ್ ಸಿರಿಸಿಯಸ್ ವಿಧಿಸಿದ್ದರು. 400ರ ಟೊಲೆಡೊ ಸಭೆ ಅಂಥವರಿಗೆ ಡೀಕನ್ ಪದವಿಯನ್ನೂ ನಿರಾಕರಿಸಿತು.

ನನ್ನ ಊಹೆ ಒಂದು ಪದದ ಮೇಲೆ ನಿಂತಿದೆ. ಎರಡು ವರ್ಷಗಳ ಮಾತು ಬರುವುದು ಮಾರ್ಟಿನರ ಟ್ರಿಬ್ಯೂನನ ಪ್ರಸಂಗದಲ್ಲಿ: ತನ್ನ ಅಧಿಕಾರಾವಧಿ ಮುಗಿದೊಡನೆ ತಾನೂ ಲೋಕ ತೊರೆಯುವೆನೆಂದು ಆತ ಮಾತು ಕೊಟ್ಟಿದ್ದ. ಆ ಅವಧಿ ಮುಗಿದಾಗ ಏನಾಯಿತೆಂದು ಸುಲ್ಪಿಸಿಯಸ್ ಹೇಳುವುದಿಲ್ಲ. ಮುಂದಿನ ಅಧ್ಯಾಯವನ್ನು ‘ಇಂಟೆರೆಯಾ’, ಅಂದರೆ ‘ಅಷ್ಟರಲ್ಲಿ’, ಎಂದು ಶುರುಮಾಡಿ ನೇರ ವರ್ಮ್ಸ್‌ಗೆ ಜಿಗಿಯುತ್ತಾನೆ. ಹಾಗಿದ್ದರೆ ಆ ಎರಡು ವರ್ಷ ಕಾಯುವಿಕೆಯ ಅಳತೆ ಮಾತ್ರ ಆಗಿರಬಹುದು, ದೀಕ್ಷಾಸ್ನಾನದ ನಂತರದ ಇಡೀ ಸೇವೆಯ ಅಳತೆ ಅಲ್ಲದಿರಬಹುದು. ಸಾಮಾನ್ಯ ಓದುಗ ಹಾಗೆ ಓದುವುದಿಲ್ಲ ಎಂಬುದು ನಿಜ. ಸುಲ್ಪಿಸಿಯಸ್‌ಗೂ ಅದು ಗೊತ್ತಿದ್ದಿರಬೇಕು. ಆದ್ದರಿಂದ ಇದನ್ನು ಮುಗ್ಧ ಮೌನವೆನ್ನಲಾರೆ. ಆದರೆ ಗುರುವಿನ ಮಾನ ಕಾಯಲು ಶಿಷ್ಯ ಬಿಟ್ಟ ಖಾಲಿ ಜಾಗಕ್ಕೂ ಕಟ್ಟುಕತೆಗೂ ಅಂತರವಿದೆ.

ನನ್ನ ವಾದಕ್ಕೆ ಒಂದು ತೊಡಕು ಉಳಿದೇ ಇದೆ. ಮಾರ್ಟಿನರು ಕಾನ್‌ಸ್ಟಾಂಟಿಯಸ್‌ನ ಕೈಕೆಳಗೆ, ಅನಂತರ ಜೂಲಿಯನ್ನನ ಕೈಕೆಳಗೆ ದುಡಿದರೆಂದು ಚರಿತ್ರೆ ಹೇಳುತ್ತದೆ. 316ರಲ್ಲಿ ಹುಟ್ಟಿದವರು 15ಕ್ಕೆ ಸೇನೆ ಸೇರಿದ್ದರೆ ಆಗ ಸಿಂಹಾಸನದಲ್ಲಿದ್ದವನು ಕಾನ್‌ಸ್ಟಂಟೈನ್. ಅವನ ಹೆಸರು ಅಲ್ಲಿಲ್ಲ. ಮೊಟಕಾದ ವರ್ಷಗಳ ಜೊತೆ ಆ ಹೆಸರೂ ಬಿದ್ದುಹೋಯಿತೆನ್ನಬಹುದು, ಅದಕ್ಕೆ ಆಧಾರ ಮಾತ್ರ ನನ್ನ ಬಳಿಯಿಲ್ಲ. ಅದು ಸಿಗುವವರೆಗೆ 316ರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರಬೇಕು.