ಶಾಲೆಯಲ್ಲಿ ಮಾತು ಕಟ್ಟಿಹೋಗುವ ಮಕ್ಕಳು: ಶಿವಮೊಗ್ಗ–ಭದ್ರಾವತಿಯ ಬಹುಭಾಷಿಕ ನೆಲೆಯಲ್ಲಿ ಸೆಲೆಕ್ಟಿವ್ ಮ್ಯೂಟಿಸಮ್

ಮನೆಯಲ್ಲಿ ಸರಾಗವಾಗಿ ಮಾತನಾಡುವ ಮಗು ಶಾಲೆಯಂಥ ಕೆಲವು ಕಡೆಗಳಲ್ಲಿ ಮಾತ್ರ ಬಾಯಿ ಬಿಡದಿರುವ ಸ್ಥಿತಿಯೇ ಸೆಲೆಕ್ಟಿವ್ ಮ್ಯೂಟಿಸಮ್. ಜರ್ಮನ್ ವೈದ್ಯ ಅಡಾಲ್ಫ್ ಕುಸ್‌ಮೌಲ್ 1877ರಲ್ಲಿ ಇದನ್ನು ಬೇಕೆಂದೇ ತಾಳಿದ ಮೌನವೆಂದು ಬಗೆದಿದ್ದರು. ಮಾನಸಿಕ ಕಾಯಿಲೆಗಳನ್ನು ವರ್ಗೀಕರಿಸುವ ಡಿಎಸ್‌ಎಂ-5 ಕೈಪಿಡಿ ಇದನ್ನು ಆತಂಕದ ಕಾಯಿಲೆಗಳ ಗುಂಪಿಗೆ ಸೇರಿಸಿದ್ದು 2013ರಲ್ಲಿ. ಮಗು ಹಟ ಮಾಡುತ್ತಿಲ್ಲ, ಹೆದರಿಕೆಯಿಂದ ಅದಕ್ಕೆ ಮಾತೇ ಹೊರಡುವುದಿಲ್ಲ ಎಂಬ ತಿಳಿವಳಿಕೆ ಇನ್ನೂ ಎಲ್ಲ ಸ್ಟಾಫ್ ರೂಮುಗಳನ್ನು ತಲುಪಿಲ್ಲ. ಸಾಮಾನ್ಯವಾಗಿ ಐದು ವರ್ಷದೊಳಗೆ ಆರಂಭವಾಗುವ ಈ ಸ್ಥಿತಿ ಬೆಳಕಿಗೆ ಬರುವುದು ಮಗು ಶಾಲೆಗೆ ಸೇರಿದ ಮೇಲೆ.

ಈ ಕಾಯಿಲೆಯೆಂದು ಗುರುತಿಸಲು ಮೌನ ಕನಿಷ್ಠ ಒಂದು ತಿಂಗಳು ಮುಂದುವರಿದಿರಬೇಕು. ಶಾಲೆ ಸೇರಿದ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಶಾಲೆಯ ಭಾಷೆ ಬಾರದಿರುವುದೇ ಮೌನಕ್ಕೆ ಕಾರಣವಾಗಿದ್ದರೆ ಅದು ಈ ಕಾಯಿಲೆಯಲ್ಲ. ಭದ್ರಾವತಿಯಲ್ಲಿ ತೊಡಕು ಇರುವುದು ಇಲ್ಲಿಯೇ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆ, ಇವುಗಳ ಕೆಲಸಕ್ಕೆ ಬಂದು ನೆಲೆಸಿದವರಿಂದ ಊರು ಕನ್ನಡದ ಜೊತೆಗೆ ತಮಿಳು, ತೆಲುಗು, ಮಲಯಾಳಂಗಳನ್ನೂ ಆಡುತ್ತದೆ. ಶಿವಮೊಗ್ಗದಲ್ಲಿ ಉರ್ದು, ಕೊಂಕಣಿ, ಲಂಬಾಣಿ ಮನೆಮಾತಿನ ಮಕ್ಕಳಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ.

ಹೊಸ ಭಾಷೆಯ ನಡುವೆ ಬಂದ ಮಗು ಕೆಲವು ತಿಂಗಳು ಬರಿದೇ ಕೇಳಿಸಿಕೊಳ್ಳುವುದು ಸಹಜ. ಆದರೆ ಅಂಥ ಮಗು ಬಿಡುವಿನ ವೇಳೆಯಲ್ಲಿ ತನ್ನ ಭಾಷೆಯ ಗೆಳೆಯರೊಂದಿಗೆ ಹರಟುತ್ತದೆ. ಸನ್ನೆ ಮಾಡುತ್ತದೆ, ಒಂದೊಂದೇ ಪದ ಕಲಿತು ಆಡುತ್ತದೆ. ತಮಿಳು ಮನೆಮಾತಿನ ಹುಡುಗಿ ತಮಿಳು ಬಲ್ಲ ಟೀಚರ್ ಎದುರೂ ತಿಂಗಳುಗಟ್ಟಲೆ ಸುಮ್ಮನಿದ್ದರೆ ಕಾರಣ ಭಾಷೆಯಷ್ಟೇ ಅಲ್ಲ. ‘ಕನ್ನಡ ಬಂದ ಮೇಲೆ ಸರಿಹೋಗುತ್ತೆ’ ಎಂಬ ಸಮಾಧಾನದಲ್ಲಿ ವರ್ಷ ಕಳೆಯುವುದು ಇಂಥ ಊರುಗಳಲ್ಲಿ ಆಗಬಹುದಾದ ದೊಡ್ಡ ತಪ್ಪು; ವಲಸೆ ಬಂದ ದ್ವಿಭಾಷಿಕ ಕುಟುಂಬಗಳ ಮಕ್ಕಳಲ್ಲಿ ಈ ಸ್ಥಿತಿ ಹೆಚ್ಚಾಗಿ ಕಾಣುತ್ತದೆಂದು ಸಂಶೋಧನೆಗಳೂ ಹೇಳುತ್ತವೆ. ಶ್ರವಣದೋಷ, ಮಾತಿನ ಬೆಳವಣಿಗೆಯ ವಿಳಂಬ, ಆಟಿಸಂಗಳನ್ನೂ ಪರೀಕ್ಷಿಸಬೇಕು. ಮಗು ಮನೆಯಲ್ಲಿ ಆಡುವ ಮಾತನ್ನು ತಂದೆತಾಯಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ತಂದರೆ ವೈದ್ಯರ ಕೆಲಸ ಅರ್ಧ ಹಗುರಾಗುತ್ತದೆ. ಮಾತು ಬರಲೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚುವ ಮನೆಮದ್ದಿಗೂ ಈ ಕಾಯಿಲೆಗೂ ಸಂಬಂಧವಿಲ್ಲ. ತೊಂದರೆ ಇರುವುದು ನಾಲಿಗೆಯಲ್ಲಲ್ಲ.

ಮಾತಾಡೆಂದು ಒತ್ತಾಯಿಸುವುದನ್ನು ನಿಲ್ಲಿಸುವುದು ಮೊದಲ ಚಿಕಿತ್ಸೆ. ಗದರುವುದು, ಚಾಕೊಲೇಟಿನ ಆಮಿಷ, ಒಂದು ಪದ ಆಡಿದಾಗ ತರಗತಿಯೆಲ್ಲ ಚಪ್ಪಾಳೆ ತಟ್ಟುವುದು, ಮೂರೂ ಆತಂಕವನ್ನು ಬೆಳೆಸುತ್ತವೆ. ಹಾಜರಿಗೆ ಕೈ ಎತ್ತಿದರೆ ಸಾಕು. ಶೌಚಾಲಯಕ್ಕೆ, ಹೊಟ್ಟೆನೋವಿಗೆ ಚಿತ್ರದ ಚೀಟಿ ಕೊಡಬೇಕು. ಕೇಳಲಾರದೆ ದಿನವಿಡೀ ಮೂತ್ರ ತಡೆದುಕೊಳ್ಳುವ ಮಕ್ಕಳಿರುತ್ತಾರೆ. ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಮಗು ತಾಯಿಯೊಂದಿಗೆ ಆಡಲಿ. ಮಾತು ಬಂದ ಮೇಲೆ ಟೀಚರ್ ಮೊದಲು ಬಾಗಿಲ ಬಳಿ, ಮತ್ತೊಂದು ದಿನ ಹತ್ತಿರದ ಬೆಂಚಿನಲ್ಲಿ, ಕೊನೆಗೆ ಆಟದೊಳಗೇ ಸೇರಿಕೊಳ್ಳುತ್ತಾರೆ. ತಾಯಿ ಮೆಲ್ಲನೆ ಹಿಂದೆ ಸರಿಯುತ್ತಾಳೆ. ಆಮೇಲೆ ಒಬ್ಬ ಗೆಳತಿ, ಆಮೇಲೆ ಚಿಕ್ಕ ಗುಂಪು. ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ಮಕ್ಕಳು ಕೂರುವ ಚಿಕ್ಕ ತಟ್ಟೆಗುಂಪುಗಳು ಈ ಕ್ರಮಕ್ಕೆ ಒಗ್ಗುತ್ತವೆ. ಬಹಳ ಕಾಲ ಬೇರೂರಿದ ಪ್ರಕರಣಗಳಲ್ಲಿ ಮನೋವೈದ್ಯರು ಫ್ಲುಆಕ್ಸೆಟಿನ್‌ನಂಥ ಔಷಧವನ್ನೂ ಜೊತೆಗೂಡಿಸುವುದುಂಟು.

ಮನಸ್ಸಿನ ಕಾಯಿಲೆಯ ಕುರಿತ ಸಂಕೋಚವನ್ನು ಕಳೆಯಲು ಮನೋವೈದ್ಯ ಡಾ. ಅಶೋಕ್ ಪೈ ಶಿವಮೊಗ್ಗದಲ್ಲಿ ದಶಕಗಳ ಕಾಲ ದುಡಿದರು. ನಗರದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಹೆಚ್ಚಿನ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಅಷ್ಟು ದೂರ ಹೋಗಲಾಗದ ಪೋಷಕರು ಮತ್ತು ಶಿಕ್ಷಕರು ಮೊದಲ ಸಲಹೆಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.