ಕಲ್ಲು ಒಡೆಯುವ ಬೆಳಕು

ಆಳಂದ, ಅಫಜಲಪುರ, ಜೇವರ್ಗಿಯ ಹೊಲಗಳಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರಿದಷ್ಟು ನೀರು ಕುಡಿಯದಿದ್ದರೆ ಮೂತ್ರದಲ್ಲಿ ಲವಣ ದಟ್ಟವಾಗಿ, ಕಿಡ್ನಿಯಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚು. ಆ ನೋವು ಹೊತ್ತು ಕಲಬುರಗಿಗೋ ಸೊಲ್ಲಾಪುರಕ್ಕೋ ಹೋದವರಿಗೆ ವೈದ್ಯರು ‘ಲೇಸರ್ ಹಾಕಿ ತೆಗೆಯೋಣ’ ಎಂದರೆ, ಆ ಲೇಸರ್ ಬಹುತೇಕ ಹೋಲ್ಮಿಯಂ ಇಲ್ಲವೇ ಥೂಲಿಯಂನದು. ಎರಡೂ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನವು.

1960ರ ಮೇ ತಿಂಗಳಲ್ಲಿ ಥಿಯೋಡೋರ್ ಮೈಮನ್ ಮಾಣಿಕ್ಯದಿಂದ ಮೊದಲ ಲೇಸರ್ ಹೊಮ್ಮಿಸಿದರು. ಅದೇ ವರ್ಷದ ಕೊನೆಗೆ ಐಬಿಎಂನ ಪೀಟರ್ ಸೊರೊಕಿನ್ ಮತ್ತು ಮಿರೆಕ್ ಸ್ಟೀವನ್ಸನ್, ಯುರೇನಿಯಂ ಬೆರೆಸಿದ ಕ್ಯಾಲ್ಸಿಯಂ ಫ್ಲೋರೈಡಿನಿಂದ ಸುಮಾರು 2.5 ಮೈಕ್ರಾನಿನ ಕಿರಣ ಪಡೆದರು. ಅವಕೆಂಪು ಘನಸ್ಥಿತಿ ಲೇಸರ್ ಹೀಗೆ ಮಾಣಿಕ್ಯದ ಬೆನ್ನಿಗೇ ಹುಟ್ಟಿದರೂ ಅದಕ್ಕೆ ಸಲ್ಲಬೇಕಾದ ಹೆಸರು ಸಿಗಲಿಲ್ಲ. ಹರಳನ್ನು ಅತಿಶೀತದಲ್ಲಿಟ್ಟರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. 1962ರ ಹೋಲ್ಮಿಯಂ ಲೇಸರ್‌ಗೂ ಅದೇ ಕಷ್ಟ: ಬೆಳಕು ಬಿಟ್ಟ ಅಯಾನು ಇಳಿದು ನಿಲ್ಲುವ ಶಕ್ತಿಮಟ್ಟವನ್ನು ಕೋಣೆಯ ಶಾಖವೇ ಭಾಗಶಃ ತುಂಬಿರುತ್ತದೆ.

ಗಂಟು ಬಿಡಿಸಿದ್ದು ಮಿಶ್ರಣ. ಫ್ಲಾಷ್ ದೀಪದ ಬೆಳಕನ್ನು ಕ್ರೋಮಿಯಂ ಹೀರಿ ಥೂಲಿಯಂಗೆ ದಾಟಿಸುತ್ತದೆ, ಥೂಲಿಯಂ ಹೋಲ್ಮಿಯಂಗೆ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಚೆಂದ ಕಾಣುವುದು ಥೂಲಿಯಂನ ನಡತೆ. ಮೇಲೇರಿದ ಒಂದು ಅಯಾನು ತನ್ನ ಶಕ್ತಿಯಲ್ಲಿ ಪಕ್ಕದ ಅಯಾನಿಗೂ ಪಾಲು ಕೊಡುತ್ತದೆ. ಹೀರಿದ್ದು ಒಂದು ಫೋಟಾನ್, ಸಿದ್ಧವಾಗುವುದು ಎರಡು ಅಯಾನು. 1980ರ ದಶಕದಲ್ಲಿ ಈ ಮಿಶ್ರಣದ ಯಾಗ್ (ಇಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್) ಹರಳುಗಳು ಕೋಣೆಯ ಉಷ್ಣತೆಯಲ್ಲೇ ಬಲವಾದ ಮಿಡಿತಗಳನ್ನು ಕೊಡತೊಡಗಿದವು.

ಮುಂದಿನ ದಾರಿ ನಿರ್ಧರಿಸಿದ್ದು ನೀರು. 2.94 ಮೈಕ್ರಾನಿನ ಆಸುಪಾಸಿನ ಅವಕೆಂಪನ್ನು ನೀರು ಅತಿ ಹೆಚ್ಚು ಹೀರುತ್ತದೆ. ಸೋವಿಯತ್ ವಿಜ್ಞಾನಿಗಳು 1970ರ ದಶಕದಲ್ಲಿ ರೂಪಿಸಿದ ಎರ್ಬಿಯಂ ಯಾಗ್ ಲೇಸರ್‌ನದು ಅದೇ ತರಂಗ. ಚರ್ಮಕ್ಕೂ ಹಲ್ಲಿಗೂ ಅದು ಒದಗಿತು, ಕಿಡ್ನಿಗೆ ಒದಗಲಿಲ್ಲ. ಕಿರಣವನ್ನು ಕಿಡ್ನಿಯವರೆಗೆ ಒಯ್ಯಬೇಕಾದ ಸಾಮಾನ್ಯ ಸಿಲಿಕಾ ತಂತು ಆ ಬೆಳಕನ್ನು ಹಾಯಗೊಡದು. ಹೋಲ್ಮಿಯಂನ 2.1 ಮೈಕ್ರಾನ್ ಕೂದಲಿನಂಥ ಸಿಲಿಕಾ ಎಳೆಯಲ್ಲಿ ಸರಾಗ ಹರಿಯುತ್ತದೆ, ಅರ್ಧ ಮಿಲಿಮೀಟರ್ ನೀರು ದಾಟುವಷ್ಟರಲ್ಲಿ ಹೆಚ್ಚಿನಂಶ ಹೀರಿಹೋಗುತ್ತದೆ. ಹಾಗಾಗಿ ಕಲ್ಲು ಕಾದು ಒಡೆಯುತ್ತದೆ, ಸುತ್ತಲಿನ ಅಂಗಾಂಶ ಬಹುಮಟ್ಟಿಗೆ ಉಳಿಯುತ್ತದೆ. ಗಟ್ಟಿ ಕಲ್ಲುಗಳ ಮುಂದೆ ಸೋಲುತ್ತಿದ್ದ ಹಸಿರು ಡೈ ಲೇಸರ್‌ಗಳು 1990ರ ದಶಕದಲ್ಲಿ ಅದಕ್ಕೆ ಜಾಗ ಬಿಟ್ಟುಕೊಟ್ಟವು.

ಉಳಿದದ್ದು ಶಾಖದೊಡನೆ ಹೋರಾಟ. ಕಾದ ಹರಳಿನ ದಂಡ ತಾನೇ ಮಸೂರವಾಗಿ ಕಿರಣವನ್ನು ಕೆಡಿಸುತ್ತದೆ. 120 ವ್ಯಾಟ್‌ವರೆಗೆ ಏರಲು ಒಂದೇ ಯಂತ್ರದಲ್ಲಿ ಹಲವು ದಂಡಗಳು, ನೀರಿನ ತಂಪು, ಭಾರಿ ವಿದ್ಯುತ್ ಲೈನ್ ಬೇಕಾದವು. ಥೂಲಿಯಂ ತಂತು ಲೇಸರ್ ಈ ಭಾರ ಇಳಿಸಿತು. ಉದ್ದನೆಯ ತೆಳು ಗಾಜಿನ ಎಳೆಯಲ್ಲಿ ಶಾಖ ಒಂದೆಡೆ ನಿಲ್ಲುವುದಿಲ್ಲ. ಗಾಳಿಯ ತಂಪು ಸಾಕು. ಅದರ 1.94 ಮೈಕ್ರಾನನ್ನು ನೀರು ಇನ್ನೂ ಹಲವು ಪಟ್ಟು ಹೀರುತ್ತದೆ. ಮಿಡಿತದ ಗರಿಷ್ಠ ಬಲ ಹೋಲ್ಮಿಯಂಗಿಂತ ಬಹಳ ಕಡಿಮೆ, ಸುಮಾರು 500 ವ್ಯಾಟ್. ಆದರೂ ಕಲ್ಲನ್ನು ದೂರ ತಳ್ಳದೆ ನುಣ್ಣಗೆ ಪುಡಿಮಾಡುತ್ತದೆ. ತಾಲ್ಲೂಕು ಆಸ್ಪತ್ರೆಯ ದೃಷ್ಟಿಯಿಂದ ನನ್ನ ಮತ ಇದಕ್ಕೇ.

ಜೇವರ್ಗಿಯಲ್ಲೇ ಈ ಚಿಕಿತ್ಸೆ ಸಿಗಬೇಕಾದರೆ ಯುರಾಲಜಿಸ್ಟ್, ಅರಿವಳಿಕೆ ತಜ್ಞರು, ಮೂತ್ರನಾಳಕ್ಕೆ ಇಳಿಸುವ ಸ್ಕೋಪ್ ಎಲ್ಲವೂ ಬೇಕು. ಲೇಸರ್‌ಗಾದರೆ ಸಾಮಾನ್ಯ 230 ವೋಲ್ಟ್‌ನ ಪ್ಲಗ್ ಸಾಕು.